ಕಬ್ಬಿಣದ ಬೂಟು ಮತ್ತು ಉಪ್ಪನ ಅಂಗಡಿ

ಜಪಾನಿನವರು ಮಾಡಿದ ಒಂದು ಆಟದಲ್ಲಿ ಹಣದ ಹೆಸರು ರೂಪೀ. ಹಸಿರು ಕಲ್ಲು ಸಿಕ್ಕಿದರೆ ಒಂದು ರೂಪೀ, ನೀಲಿ ಸಿಕ್ಕಿದರೆ ಐದು, ಕೆಂಪು ಸಿಕ್ಕಿದರೆ ಇಪ್ಪತ್ತು. ಶುರುವಿನಲ್ಲಿ ಹುಡುಗನ ಪರ್ಸಿನಲ್ಲಿ ಹಿಡಿಯುವುದು 99 ಮಾತ್ರ. ಕಾಡಿನೊಳಗಿನ ಅಂಗಡಿಯಲ್ಲಿ ಮರದ ಗುರಾಣಿಗೆ 40, ಪೇಟೆ ಅಂಗಡಿಯಲ್ಲಿ ಲೋಹದ ಗುರಾಣಿಗೆ 80. ಮರದ್ದು ಬೆಂಕಿ ತಾಗಿದರೆ ಸುಟ್ಟೇ ಹೋಗುತ್ತದೆ. ಕಡಿಮೆ ಕ್ರಯದ ಸಾಮಾನು ಎಷ್ಟು ದಿನ ಬರುತ್ತದೆ ಎಂದು ಜಿನಸಿನ ಅಂಗಡಿಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಡಿನ ಅಂಗಡಿಯವನೂ ಒಬ್ಬ ಚಿಕ್ಕ ಹುಡುಗ. ಮೇಜು ಎತ್ತರ, ಅವನು ಗಿಡ್ಡ. ಬಂದ ಗಿರಾಕಿಗೆ ಮುಖ ಕಾಣಬೇಕೆಂದು ಮೇಜಿನ ಹಿಂದೆ ಜಿಗಿಯುತ್ತಲೇ ಇರುತ್ತಾನೆ. ಹೊಸಂಗಡಿಯ ನಮ್ಮ ಅಂಗಡಿಯಲ್ಲಿ ಹತ್ತು ವರ್ಷದ ನಾನು ಬೆಲ್ಲದ ಡಬ್ಬದ ಮೇಲೆ ನಿಂತು ಗಲ್ಲಾ ನೋಡಿಕೊಳ್ಳುತ್ತಿದ್ದವ. ಅವನನ್ನು ನೋಡಿದ ದಿನವೇ ಈ ಆಟ ನನ್ನದಾಯಿತು.

ಆಟದ ಹೆಸರು ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’. ನಿಂಟೆಂಡೊ ಕಂಪೆನಿ 1998ರ ನವೆಂಬರಿನಲ್ಲಿ ನಿಂಟೆಂಡೊ 64 ಎಂಬ ಯಂತ್ರಕ್ಕೆ ತಂದದ್ದು. ಆಟ ಆಡುವವರಲ್ಲಿ ಇದನ್ನು ಎಲ್ಲಕ್ಕಿಂತ ಮೇಲೆ ಇಡುವವರು ಇಂದಿಗೂ ಬಹಳ ಮಂದಿ. ವಿಮರ್ಶಕರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಅದಕ್ಕೆ ನೂರಕ್ಕೆ 99. ನಮ್ಮ ಮನೆಗೆ ಅದು ಬಂದದ್ದು 2000ದಲ್ಲಿ, ಸಣ್ಣ ಮಾಮನ ಗಲ್ಫ್ ಪೆಟ್ಟಿಗೆಯಲ್ಲಿ, ಟ್ಯಾಂಗ್ ಡಬ್ಬ, ಅತ್ತರು, ಕಂಬಳಿಗಳ ನಡುವೆ. ನಾನು ಕನ್ನಡ ಮೀಡಿಯಂ. ಆಟದ ಇಂಗ್ಲಿಷನ್ನು ಒಂದೊಂದೇ ಶಬ್ದ ಹಿಡಿದು ಡಿಕ್ಷನರಿಯಲ್ಲಿ ನೋಡಿ ಓದಿದ್ದು. ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ, ಮನೆಯಲ್ಲಿ ಬ್ಯಾರಿ, ಗಿರಾಕಿಗಳೊಡನೆ ತುಳು, ಟಿ.ವಿ.ಯಲ್ಲಿ ಹೈರೂಲ್ ರಾಜ್ಯದ ಇಂಗ್ಲಿಷ್. ಐದನೆಯ ಭಾಷೆಯೂ ನಮಗೆ ಹೆಚ್ಚೆನಿಸಲಿಲ್ಲ.

ಉಮ್ಮನಿಗೆ ಇದ್ದ ತಕರಾರು ಒಂದೇ. ಲಿಂಕ್ ಕತ್ತಿ ಹಿಡಿಯುವುದು ಎಡಗೈಯಲ್ಲಿ. ಸಾರಿಗೆ ಒಗ್ಗರಣೆ ಹಾಕುತ್ತಾ ಇಣುಕಿ ನೋಡಿ, “ಅವನಿಗೆ ಹೇಳುವವರು ಯಾರೂ ಇಲ್ಲವಾ?” ಎಂದಿದ್ದರು.

ಈಗ ಹೇಳಬೇಕೆಂದಿರುವುದು ಈ ಆಟದ ಎರಡನೆಯ ರೂಪದ ಬಗ್ಗೆ. 2011ರ ಜೂನ್‌ನಲ್ಲಿ ಇದೇ ಆಟವನ್ನು ನಿಂಟೆಂಡೊ 3ಡಿಎಸ್ ಎಂಬ, ಎರಡು ಪರದೆಗಳ, ಮಡಚಿ ಜೇಬಿಗೆ ಹಾಕಿಕೊಳ್ಳುವ ಯಂತ್ರಕ್ಕಾಗಿ ಹೊಸದಾಗಿ ಕಟ್ಟಿದರು. ಕಟ್ಟಿದ್ದು ಗ್ರೆಝೋ ಎಂಬ ಜಪಾನೀ ಕಂಪೆನಿ, ನಿಂಟೆಂಡೊದವರ ಜೊತೆ ಸೇರಿ. ನಾನು ಶಾರ್ಜಾದ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದನ್ನು ಕೊಂಡೆ. 21 ಇಂಚಿನ ಟಿ.ವಿ.ಯಲ್ಲಿ ನೋಡಿದ ಹೈರೂಲ್ ಮೂರೂವರೆ ಇಂಚಿಗೆ ಇಳಿದಿತ್ತು. ಇಳಿದರೂ ಉತ್ತಮವಾಗಿತ್ತು ಎನ್ನುವುದು ನನ್ನ ವಾದ. ಹೇಗೆ ಎಂದು ಹೇಳಲು ಜಲಮಂದಿರಕ್ಕೇ ಹೋಗಬೇಕು.

ಹಳೆಯ ಆಟ ಆಡಿದವರ ಹತ್ತಿರ ವಾಟರ್ ಟೆಂಪಲ್ ಎಂದು ಹೇಳಿ ನೋಡಿ, ಮುಖ ಹುಳಿ ಮಾಡುತ್ತಾರೆ. ಕೆರೆಯ ಅಡಿಯಲ್ಲಿ ಒಂದು ಮಂದಿರ. ಒಳಗೆ ನೀರಿನ ಮಟ್ಟ ಮೂರು. ಗೋಡೆಯ ಮೇಲಿನ ಗುರುತಿನ ಎದುರು ಕೊಳಲಿನ ಹಾಗಿನ ಒಕರಿನಾ ನುಡಿಸಿದರೆ ನೀರು ಏರುತ್ತದೆ, ಇಲ್ಲವೇ ಇಳಿಯುತ್ತದೆ. ಲಿಂಕ್ ನೀರಿನಲ್ಲಿ ತೇಲುತ್ತಾನೆ. ತಳಕ್ಕೆ ಹೋಗಬೇಕಾದರೆ ಕಬ್ಬಿಣದ ಬೂಟು ಹಾಕಬೇಕು, ಮೇಲೆ ಬರಬೇಕಾದರೆ ತೆಗೆಯಬೇಕು. ಮೂಲ ಆಟದಲ್ಲಿ ಬೂಟು ಹಾಕುವುದೆಂದರೆ ಸ್ಟಾರ್ಟ್ ಒತ್ತಿ ಆಟ ನಿಲ್ಲಿಸುವುದು, ಪುಟ ತಿರುಗಿಸಿ ಉಡುಪಿನ ಪುಟಕ್ಕೆ ಹೋಗುವುದು, ಬೂಟಿನ ಮೇಲೆ ಗುರುತು ತಂದು ಒತ್ತುವುದು, ಮತ್ತೆ ಹೊರಗೆ ಬರುವುದು. ಎರಡು ಹೆಜ್ಜೆ ನಡೆದ ಮೇಲೆ ತೆಗೆಯಲಿಕ್ಕೂ ಅಷ್ಟೇ ಕೆಲಸ. ಹೀಗೆ ಎಷ್ಟು ಸಲ ಎಂದು ಲೆಕ್ಕ ಇಟ್ಟವರಿಲ್ಲ. ನಾವು ಮಕ್ಕಳು ‘ಬೂಟು ಕಳಚುವ ಆಟ’ ಎಂದೇ ಕರೆಯುತ್ತಿದ್ದೆವು.

ಗಮನಿಸಿ, ಒಗಟು ಕಷ್ಟವಾಗಿದ್ದದ್ದು ಬೇರೆ ಮಾತು. ಅದು ಒಳ್ಳೆಯ ಕಷ್ಟ. ನಡುಗೋಪುರದಲ್ಲಿ ನೀರು ಏರಿಸಿದಾಗ ತೇಲಿ ಮೇಲೆ ಬರುವ ಕಟ್ಟೆಯ ಅಡಿಯಲ್ಲಿ ಒಂದು ತೂತು ಉಂಟು. ಕೀಲಿ ಇರುವುದು ಆ ದಾರಿಯಲ್ಲಿ. ಅಲ್ಲಿ ನೋಡಬೇಕೆಂದು ನನಗೆ ಹೊಳೆಯಲು ಒಂದು ಮಳೆಗಾಲವೇ ಬೇಕಾಯಿತು. ಬೂಟಿನದ್ದು ಮಾತ್ರ ಕೆಟ್ಟ ಕಷ್ಟ. ತಲೆಗೆ ಕೆಲಸವಿಲ್ಲ, ಬೆರಳಿಗೆ ಬೇಸರ. ಡಿಪ್ಲೊಮಾದಲ್ಲಿ ಜಿಗ್ ಮತ್ತು ಫಿಕ್ಸ್ಚರ್ ಪಾಠ ಮಾಡುವಾಗ ನಮ್ಮ ಮೇಷ್ಟ್ರು ಹೇಳುತ್ತಿದ್ದದ್ದು ಇದನ್ನೇ. ಲೇತ್ ಲೋಹ ಕೊರೆಯುವ ಹೊತ್ತು ಕೆಲಸದ ಹೊತ್ತು, ತುಂಡನ್ನು ಕಟ್ಟಿ ಬಿಚ್ಚುವ ಹೊತ್ತು ದಂಡ. ದಂಡವನ್ನು ಕಡಿಮೆ ಮಾಡಿ, ಕೊರೆಯುವುದನ್ನು ಮುಟ್ಟಬೇಡಿ.

ಮರುನಿರ್ಮಾಣದಲ್ಲಿ ಮಾಡಿದ್ದು ಸರಿಯಾಗಿ ಅದನ್ನೇ. ಬೂಟನ್ನು ಉಡುಪಿನ ಪುಟದಿಂದ ತೆಗೆದು ಉಳಿದ ಸಾಮಾನುಗಳ ಸಾಲಿಗೆ ಹಾಕಿದರು. ಎಂದರೆ ಬಿಲ್ಲು, ಬಾಂಬುಗಳ ಹಾಗೆ ಅದನ್ನೂ ಒಂದು ಗುಂಡಿಗೆ ಕಟ್ಟಿಕೊಳ್ಳಬಹುದು. ಒಮ್ಮೆ ಮುಟ್ಟಿದರೆ ಬೂಟು ಕಾಲಿಗೆ, ಇನ್ನೊಮ್ಮೆ ಮುಟ್ಟಿದರೆ ಚೀಲಕ್ಕೆ. ನೀರಿನ ಮಟ್ಟ ಬದಲಿಸುವ ಜಾಗಗಳತ್ತ ಕರೆದೊಯ್ಯುವ ಬಣ್ಣದ ಗೆರೆಗಳನ್ನು ಗೋಡೆಯ ಮೇಲೆ ಎಳೆದರು. ಮಂದಿರದ ಕೋಣೆಗಳು ಅವೇ, ಕೀಲಿಗಳು ಅವೇ. ಮೂಲ ಆಟದ ಮಂದಿರಗಳನ್ನು ಯೋಜಿಸಿದ ಐಜಿ ಅವೊನುಮಾ ಅವರೇ ಮರುನಿರ್ಮಾಣದ ಮೇಲ್ವಿಚಾರಣೆಗೂ ಇದ್ದರು. ಈ ಬೂಟಿನ ವಿಚಾರ ಅವರ ಮನಸ್ಸಿನಲ್ಲಿ ವರ್ಷಗಟ್ಟಲೆ ಕೊರೆಯುತ್ತಿತ್ತೆಂದು ಅವರೇ ಸಂದರ್ಶನದಲ್ಲಿ ಹೇಳಿಕೊಂಡದ್ದುಂಟು. ತಾನು ಮಾಡಿದ ವಸ್ತುವನ್ನು ಹದಿಮೂರು ವರ್ಷದ ನಂತರ ಬಿಚ್ಚಿ ಸರಿಮಾಡುವ ಅವಕಾಶ ಎಷ್ಟು ಜನ ಮೆಕ್ಯಾನಿಕ್‌ಗಳಿಗೆ ಸಿಗುತ್ತದೆ?

ಕೆಳಗಿನ ಪರದೆ ಮುಟ್ಟುವ ಪರದೆ. ನಕ್ಷೆ ಯಾವಾಗಲೂ ಅಲ್ಲಿ ತೆರೆದೇ ಇರುತ್ತದೆ. ಸಾಮಾನಿನ ಚೀಲ ಅಲ್ಲಿ. ಒಕರಿನಾಗೆ ಅದರದ್ದೇ ಕಾಯಂ ಮೂಲೆ, ನುಡಿಸಲು ಹೊರಟರೆ ಕಲಿತ ರಾಗಗಳ ಪಟ್ಟಿ ಕಣ್ಣೆದುರು. ಮೊದಲು ಮೂರು ಸಾಮಾನುಗಳನ್ನು ಮಾತ್ರ ಗುಂಡಿಗಳಿಗೆ ಕಟ್ಟಬಹುದಿತ್ತು, ಅದರಲ್ಲೊಂದು ಹೆಚ್ಚಾಗಿ ಒಕರಿನಾಗೇ ಹೋಗುತ್ತಿತ್ತು. ಈಗ ನಾಲ್ಕು, ಒಕರಿನಾ ಬಿಟ್ಟು. ಹೀಗಾಗಿ ಮೇಲಿನ ಪರದೆ ಪೂರ್ತಿ ಹೈರೂಲಿಗೆ ಖಾಲಿ.

ಚಿತ್ರದ ಓಟವೂ ಬದಲಾಯಿತು. ಹಳೆಯ ಯಂತ್ರದಲ್ಲಿ ಅದು ಸೆಕೆಂಡಿಗೆ 20 ಚಿತ್ರ. ನಮ್ಮಲ್ಲಿಗೆ ಬಂದ ಪಾಲ್ ಮಾದರಿಯದ್ದರಲ್ಲಿ ಇನ್ನೂ ಕಡಿಮೆ, 17ರ ಹತ್ತಿರ. ಹೊಸದರಲ್ಲಿ 30. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗಲು ಮೊದಲು ತೆಗೆದುಕೊಳ್ಳುತ್ತಿದ್ದದ್ದು 50 ಮಿಲಿಸೆಕೆಂಡು, ಈಗ 33. ಹೇಳಲಿಕ್ಕೆ ಏನೂ ಅಲ್ಲ. ಆದರೆ ಕುದುರೆ ಏರಿ ಬಯಲಿನಲ್ಲಿ ಓಡುವಾಗ, ಇಷ್ಟು ವರ್ಷ ಕುಂಟುತ್ತಿದ್ದದ್ದು ಕುದುರೆಯಲ್ಲ, ಯಂತ್ರ ಎಂದು ಗೊತ್ತಾಗುತ್ತದೆ.

ಬಿಲ್ಲಿನ ಗುರಿಯ ಬಗ್ಗೆ ಒಂದು ಮಾತು. 3ಡಿಎಸ್‌ನೊಳಗೆ ಗೈರೊಸ್ಕೋಪ್ ಉಂಟು. ಯಂತ್ರವನ್ನೇ ಅತ್ತಿತ್ತ ತಿರುಗಿಸಿ ಗುರಿ ಇಡಬಹುದು, ಕಿಟಕಿಯಿಂದ ಹಣಕಿದ ಹಾಗೆ. ಮನೆಯಲ್ಲಿ ಕುಳಿತು ಆಡುವಾಗ ಇದರಷ್ಟು ಚಂದ ಬೇರೊಂದಿಲ್ಲ. ಮಂಗಳೂರು–ಕಾಸರಗೋಡು ಬಸ್ಸಿನಲ್ಲಿ ಕುಳಿತು ಪ್ರಯತ್ನಿಸಬೇಡಿ. ಬಸ್ಸು ತಿರುಗಿದಾಗಲೆಲ್ಲ ಬಾಣವೂ ತಿರುಗುತ್ತದೆ. ಕನ್ನಡಕವಿಲ್ಲದೆ ಕಾಣುವ ಅದರ ತ್ರೀಡಿ ಚಿತ್ರಕ್ಕೂ ಗೈರೊಗೂ ಆಗಿಬರುವುದಿಲ್ಲ, ಯಂತ್ರ ಅಲುಗಿದರೆ ಚಿತ್ರ ಎರಡಾಗಿ ಒಡೆಯುತ್ತದೆ. ನಾನು ತ್ರೀಡಿಯ ಕಡ್ಡಿಯನ್ನು ಕೆಳಗೆ ಎಳೆದು ಇಟ್ಟುಬಿಟ್ಟೆ.

ನನಗೆ ಎಲ್ಲಕ್ಕಿಂತ ಹಿತವಾದ ಸುಧಾರಣೆ ಯಾವ ವಿಮರ್ಶೆಯಲ್ಲೂ ದೊಡ್ಡದಾಗಿ ಬಂದದ್ದಲ್ಲ. ಮುಚ್ಚಳ. ಮಡಚಿದರೆ ಆಟ ಇದ್ದಲ್ಲಿಯೇ ನಿದ್ದೆ ಹೋಗುತ್ತದೆ, ಬಿಡಿಸಿದರೆ ಎದ್ದು ಅಲ್ಲಿಂದಲೇ ಮುಂದುವರಿಯುತ್ತದೆ. 2000ದ ಹೊಸಂಗಡಿಯಲ್ಲಿ ಕರೆಂಟು ಹೋಯಿತೆಂದರೆ ಉಳಿಸದ ಆಟವೆಲ್ಲ ಹೋಯಿತು. ಉಳಿಸಿದ್ದೂ ಇದ್ದದ್ದು ಕಾರ್ಟ್ರಿಜ್‌ನೊಳಗಿನ ನಾಣ್ಯದಂಥ ಒಂದು ಬ್ಯಾಟರಿಯ ಕರುಣೆಯಲ್ಲಿ. ಅಂಗಡಿಯವನ ಮಗನಿಗೆ ಕರೆಂಟಿಗಿಂತ ದೊಡ್ಡ ತೊಂದರೆ ಗಿರಾಕಿ. ಅರ್ಧ ಕಿಲೋ ಸಕ್ಕರೆ, ಒಂದು ಕಟ್ಟು ಬೀಡಿ ಎಂದು ಕೂಗಿದರೆ ರಾಕ್ಷಸನ ಎದುರಿನಿಂದಲೂ ಏಳಬೇಕು. ರಜೆಯಲ್ಲಿ ಊರಿಗೆ ಬಂದಾಗ ಗಲ್ಲಾದ ಹಿಂದೆ ಕುಳಿತು 3ಡಿಎಸ್ ಆಡಿದೆ. ಗಿರಾಕಿ ಬಂದರೆ ಟಪ್ ಎಂದು ಮುಚ್ಚಿದೆ. ಉಪ್ಪನಿಗೂ ಆಕ್ಷೇಪವಿರಲಿಲ್ಲ.

ಅಂಗಡಿಗಳ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಮೂಲ ಆಟದಲ್ಲಿ ಕೋಟೆಪೇಟೆಯ ಸಂತೆಬೀದಿಯೂ ಹಲವು ಮನೆಗಳ ಒಳಭಾಗವೂ ಮೊದಲೇ ಬರೆದಿಟ್ಟ ಚಪ್ಪಟೆ ಚಿತ್ರಗಳಾಗಿದ್ದವು, ಯಕ್ಷಗಾನದ ಹಿಂದಿನ ಪರದೆಯ ಹಾಗೆ. ಆ ಯಂತ್ರಕ್ಕೆ ಅಷ್ಟೇ ತ್ರಾಣ. ಮರುನಿರ್ಮಾಣದಲ್ಲಿ ಅವನ್ನೆಲ್ಲ ನಿಜವಾಗಿ ಕಟ್ಟಿದರು. ಅಂಗಡಿಗಳ ಕಪಾಟುಗಳಿಗೆ ಆಳ ಬಂತು, ಸಾಮಾನು ತುಂಬಿತು. ಅದೇ ಸಂತೆಗೆ ಲಿಂಕ್ ಏಳು ವರ್ಷದ ನಂತರ ಮತ್ತೆ ಬರುತ್ತಾನೆ. ಕತ್ತಿ ಎತ್ತಿದ ಹುಡುಗ ಅಷ್ಟು ವರ್ಷ ನಿದ್ದೆ ಹೋಗಿ ದೊಡ್ಡವನಾಗಿ ಎಚ್ಚರಾಗುವುದು ಕತೆ. ಬಂದರೆ ಸಂತೆ ಇಲ್ಲ. ಮುರಿದ ಗೋಡೆಗಳು, ಓಡಾಡುವ ಹೆಣಗಳು.

ನಾನು ಗಲ್ಫ್‌ನಿಂದ ಪೂರ್ತಿ ಮರಳಿ ಬಂದ ಕೆಲವೇ ಸಮಯದಲ್ಲಿ ಹೆದ್ದಾರಿ 66 ಆರು ಪಥವಾಗುವ ಕೆಲಸ ನಮ್ಮ ಬಾಗಿಲಿಗೆ ಬಂತು. ಅಂಗಡಿ ಹೋಯಿತು. ಪಕ್ಕದ ಟೈಲರ್, ಎದುರಿನ ಹೋಟೆಲು, ಉಪ್ಪ ಸಂಜೆ ಕುಳಿತು ಮಾತಾಡುತ್ತಿದ್ದ ಕಟ್ಟೆ, ಎಲ್ಲವೂ ಹೋಯಿತು. ರಸ್ತೆ ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹದಿನಾಲ್ಕು ಅಡಿ ಅಗಲದ ಅಂಗಡಿಯ ಬದಲಿಗೆ ಒಳರಸ್ತೆಯಲ್ಲಿ ಸಿಕ್ಕಿದ ಬಾಡಿಗೆ ಕೋಣೆ ಒಂಬತ್ತು ಅಡಿಯದ್ದು. ಉಪ್ಪನಿಗೆ ಆಗ ಎಪ್ಪತ್ತರ ಹತ್ತಿರ, ಮೊಣಕಾಲು ನೋವು. “ಇಷ್ಟರಲ್ಲಿ ಏನು ವ್ಯಾಪಾರ, ಬೇಡ ಮೋನೆ, ಸಾಕು” ಎಂದರು. ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ. ನಲವತ್ತು ವರ್ಷ ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದ ಮನುಷ್ಯ, ಆ ಏಳು ದಿನ ಎಂಟು ಗಂಟೆಯವರೆಗೆ ಮಲಗಿದ್ದರು. ಉಮ್ಮ ನನ್ನನ್ನು ಅಡುಗೆಮನೆಗೆ ಕರೆದು ಸಣ್ಣ ಸ್ವರದಲ್ಲಿ, “ಅಂಗಡಿ ನಡೆಯದಿದ್ದರೂ ಪರವಾಗಿಲ್ಲ, ಬಾಗಿಲು ತೆರೆದಿರಲಿ” ಎಂದರು.

ಆ ಕೋಣೆಯ ಅಳತೆ ತೆಗೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಕಬ್ಬಿಣದ ಬೂಟು ಎಂದರೆ ನಗಬೇಡಿ. ದಿನಕ್ಕೆ ನೂರು ಸಲ ಬೇಕಾಗುವುದು ಯಾವುದು, ವಾರಕ್ಕೊಮ್ಮೆ ಬೇಕಾಗುವುದು ಯಾವುದು ಎಂದು ಬರೆದೆ. ಹಳೆ ಅಂಗಡಿಯಲ್ಲಿ ಕುಚ್ಚಲಕ್ಕಿ ಗೋಣಿ ಹಿಂದಿನ ಕೋಣೆಯಲ್ಲಿತ್ತು, ಸಕ್ಕರೆ ಡ್ರಮ್ಮು ಎಡಮೂಲೆಯಲ್ಲಿ, ತಕ್ಕಡಿ ಬಲದಲ್ಲಿ. ಒಂದು ಕಿಲೋ ಸಕ್ಕರೆಗೆ ಉಪ್ಪ ಆರು ಹೆಜ್ಜೆ ಹೋಗಿ ಆರು ಹೆಜ್ಜೆ ಬರುತ್ತಿದ್ದರು. ಹೊಸ ಕೋಣೆಯಲ್ಲಿ ಅಕ್ಕಿ, ಸಕ್ಕರೆ, ತೆಂಗಿನೆಣ್ಣೆ, ಬೀಡಿ, ಬೆಂಕಿಪೆಟ್ಟಿಗೆ ಎಲ್ಲ ಅವರ ಕುರ್ಚಿಯಿಂದ ಕೈಚಾಚಿದರೆ ಸಿಗಬೇಕು. ಒಣಮೀನು, ಹುಣಸೆಹುಳಿ, ಮೆಣಸಿನ ಗೋಣಿ ಮೇಲೆ ಅಟ್ಟದಲ್ಲಿ, ಅದು ನನ್ನ ಪಾಲು. ಒಂಬತ್ತು ಅಡಿ ಎನ್ನುವುದು ಆಗ ಕೊರತೆಯಾಗಿ ಕಾಣಲಿಲ್ಲ.

ಜಗಳ ಆದದ್ದು ಗಲ್ಲಾದ ಮೇಜಿಗಾಗಿ. ಹಲಸಿನ ಮರದ್ದು. ಉಪ್ಪನ ಮೊಣಕೈ ಊರಿ ಊರಿ ಅಂಚು ತಗ್ಗಾಗಿದೆ, ಖಾನೆಯನ್ನು ಒದ್ದರೆ ಮಾತ್ರ ತೆರೆಯುತ್ತದೆ. ಸ್ಟೀಲಿನದ್ದು ಹಾಕೋಣ ಎಂದು ತಮ್ಮ ಹೇಳಿದ. ಗ್ರೆಝೋದವರು ಮೂಲ ಆಟದ ಕೆಲವು ದೋಷಗಳನ್ನು ಬೇಕೆಂದೇ ಉಳಿಸಿದ್ದರು. ಆಟ ಕೆಡಿಸುವಂಥದ್ದನ್ನು ತೆಗೆದರು, ಆಡುವವರು ಕಂಡುಹಿಡಿದು ಖುಷಿಪಟ್ಟ ಸಣ್ಣ ಸಡಿಲುಗಳನ್ನು ಹಾಗೆಯೇ ಬಿಟ್ಟರು. ತಮ್ಮನಿಗೆ ಇದನ್ನು ಹೇಳಿದರೆ ಅವನಿಗೆ ಅರ್ಥವಾಗದು. ಮೇಜನ್ನು ಎರಡು ಅಡಿ ಕತ್ತರಿಸಿ ಹಾಕಿಸಿದೆ. ತಗ್ಗಾದ ಅಂಚು ಇರುವ ಬದಿಯನ್ನು ಮುಟ್ಟಲು ಆಚಾರಿಯನ್ನು ಬಿಡಲಿಲ್ಲ.

ಎಲ್ಲ ಬದಲಾವಣೆಯೂ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಹಳೆಯ ಆಟದಲ್ಲಿ ಮಂಜು, ಕತ್ತಲೆ ಹೆಚ್ಚಿತ್ತು. ದೂರದ್ದನ್ನು ಬಿಡಿಸಿ ತೋರಿಸಲು ಯಂತ್ರಕ್ಕೆ ಕಷ್ಟ, ಆದರೆ ಆ ಮಸುಕಿನಲ್ಲಿ ಹೆದರಿಕೆಯೊಂದು ಕುಳಿತಿತ್ತು. ಹೊಸದು ಬೆಳಗಿ ತೊಳೆದ ಹಾಗೆ. ಶ್ಯಾಡೋ ಟೆಂಪಲ್‌ಗೆ ಹೋಗುವಾಗ ಸಣ್ಣವನಿದ್ದಾಗ ಲೈಟು ಹಾಕಿಸುತ್ತಿದ್ದೆ. 3ಡಿಎಸ್‌ನಲ್ಲಿ ಮಧ್ಯರಾತ್ರಿ ಬಂಕ್ ಮಂಚದಲ್ಲಿ ಮಲಗಿ ಆರಾಮವಾಗಿ ದಾಟಿದೆ. ವಯಸ್ಸಿನ ಪಾಲೂ ಇರಬಹುದು.

ನಮ್ಮವರು ತಿಳಿಯಬೇಕಾದ ಇನ್ನೊಂದು ಸಂಗತಿ ಉಂಟು. ಆಟದಲ್ಲಿ ಗೆರುಡೊ ಎಂಬ ಮರುಭೂಮಿಯ ಜನ ಬರುತ್ತಾರೆ. ಎಲ್ಲರೂ ಹೆಂಗಸರು, ಕಳ್ಳತನ ಅವರ ಕಸುಬು. ನೂರು ವರ್ಷಕ್ಕೊಮ್ಮೆ ಹುಟ್ಟುವ ಒಬ್ಬನೇ ಗಂಡಸು ಅವರ ರಾಜ. ಕತೆಯ ಖಳ ಗ್ಯಾನನ್‌ಡಾರ್ಫ್ ಅವನೇ. ನಿಂಟೆಂಡೊ 64ರ ಆಟದಲ್ಲಿ ಅವರ ಕಡೆಯ ಕನ್ನಡಿ ಗುರಾಣಿಯ ಮೇಲೆ, ಕಲ್ಲುಗಳ ಮೇಲೆ ಕೆತ್ತಿದ ಗುರುತು ಅರ್ಧಚಂದ್ರ ಮತ್ತು ನಕ್ಷತ್ರ. ನಬಿದಿನದ ಮೆರವಣಿಗೆಗೆ ಬಣ್ಣದ ಕಾಗದದಲ್ಲಿ ಅದೇ ಗುರುತು ಕತ್ತರಿಸಿ ಅಂಟಿಸಿದ್ದ ಹುಡುಗ ನಾನು. “ಇವರು ನಮ್ಮವರಾ?” ಎಂದು ಸಣ್ಣ ಮಾಮನನ್ನು ಕೇಳಿದ್ದೆ. ಅವರು ತುಂಬಾ ಹೊತ್ತು ಪರದೆ ನೋಡಿ, “ಚಾ ಆರುತ್ತದೆ, ಕುಡಿ” ಎಂದರು.

ಅಷ್ಟೇ ಅಲ್ಲ. ಅಮೆರಿಕ, ಜಪಾನಿನಲ್ಲಿ ಮೊದಲು ಮಾರಿದ ಕಾರ್ಟ್ರಿಜ್‌ಗಳಲ್ಲಿ ಬೆಂಕಿ ಮಂದಿರದ ಸಂಗೀತಕ್ಕೆ ಇಸ್ಲಾಮೀ ಪಠಣದ ಧ್ವನಿಯ ತುಣುಕುಗಳನ್ನು ಸೇರಿಸಿದ್ದರು. ಆಟಗಳಲ್ಲಿ ಧರ್ಮಗಳ ವಿಷಯ ತರಬಾರದೆಂಬ ನಿಯಮ ನಿಂಟೆಂಡೊದವರದ್ದೇ. ಅನಂತರದ ಪ್ರತಿಗಳಲ್ಲಿ ಆ ಧ್ವನಿ ತೆಗೆದು ಬೇರೆ ಹಾಕಿದರು. ನಮ್ಮದರಲ್ಲಿ ಅದು ಇರಲಿಲ್ಲ. ಶಾರ್ಜಾದ ರೂಮಿನಲ್ಲಿ ಗೆಳೆಯನೊಬ್ಬ ಹಳೆಯದನ್ನು ಕೇಳಿಸಿದಾಗಲೇ ಗೊತ್ತಾದದ್ದು. ಉಮ್ಮನ ಕಿವಿಗೆ ಬಿದ್ದಿದ್ದರೆ ಯಂತ್ರ ಅಂದೇ ಪೆಟ್ಟಿಗೆ ಸೇರುತ್ತಿತ್ತು. ಚಂದ್ರ ನಕ್ಷತ್ರದ ಗುರುತನ್ನು 3ಡಿಎಸ್‌ಗಿಂತ ಮೊದಲೇ, ಗೇಮ್‌ಕ್ಯೂಬ್ ಯಂತ್ರದ ಆವೃತ್ತಿಯಲ್ಲಿ ಬದಲಿಸಿದರು. 3ಡಿಎಸ್‌ನಲ್ಲಿಯೂ ಹೊಸ ಗುರುತೇ.

ಇದು ಸುಧಾರಣೆಯೇ? ಹೌದು ಎನ್ನುತ್ತೇನೆ, ಅರೆಮನಸ್ಸಿನಿಂದ. ಗುರುತು ಹೋಯಿತು. ಮರಳು, ಮುಖದ ಮೇಲಿನ ಬಟ್ಟೆ, ಕಳ್ಳರ ಕೋಟೆ ಎಲ್ಲ ಹಾಗೆಯೇ ಉಳಿಯಿತು. ಬೋರ್ಡು ಬದಲಿಸಿದ್ದಾರೆ, ಒಳಗಿನ ಸಾಮಾನು ಅದೇ. ಆದರೂ ಹತ್ತು ವರ್ಷದ ಇನ್ನೊಬ್ಬ ಹುಡುಗ ತನ್ನ ಮಾಮನಿಗೆ ಆ ಪ್ರಶ್ನೆ ಕೇಳಬೇಕಾಗಿಲ್ಲವಲ್ಲ, ಅಷ್ಟು ಸಮಾಧಾನ.

ಒಮ್ಮೆ ಆಟ ಮುಗಿಸಿದವರಿಗೆ ಅದರಲ್ಲಿ ಮಾಸ್ಟರ್ ಕ್ವೆಸ್ಟ್ ಎಂಬ ಇನ್ನೊಂದು ಆಟ ತೆರೆಯುತ್ತದೆ. ಒಗಟುಗಳು ಬೇರೆ, ಪೆಟ್ಟು ಎರಡರಷ್ಟು, ಇಡೀ ರಾಜ್ಯ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿರುತ್ತದೆ. ಲಿಂಕ್ ಅಲ್ಲಿ ಬಲಗೈಯವನು. ಉಮ್ಮನಿಗೆ ಕರೆದು ತೋರಿಸಿದೆ. “ಈಗ ಬುದ್ಧಿ ಬಂತು” ಎಂದು ಹೇಳಿ ಹೋದರು.

3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವುದು 2023ರ ಮಾರ್ಚ್‌ನಲ್ಲಿ ನಿಂತಿತು. ಈಗ ಬೇಕಾದವರು ಕಾರ್ಡ್ ಹುಡುಕಬೇಕು. ನನ್ನ ಯಂತ್ರದ ಬಲಗಡೆಯ ಕೀಲು ಬಿರುಕು ಬಿಟ್ಟಿತ್ತು. ಗಡಿಯಾರ ರಿಪೇರಿಯ ಸ್ಕ್ರೂ ಡ್ರೈವರಿನಿಂದ ಬಿಚ್ಚಿ, ತೆಳು ಹಿತ್ತಾಳೆ ತಗಡಿನ ಪಟ್ಟಿ ಕೂರಿಸಿದ್ದೇನೆ. ಸ್ವಲ್ಪ ಬಿಗಿ, ಆದರೆ ನಿಲ್ಲುತ್ತದೆ. ಅದು ಈಗ ಅಕ್ಕನ ಮಗಳ ಕೈಯಲ್ಲಿ ಉಂಟು. ಶಾಲೆ ಬಿಟ್ಟ ಮೇಲೆ ಅವಳು ಅಂಗಡಿಯ ಅಕ್ಕಿ ಗೋಣಿಯ ಮೇಲೆ ಕುಳಿತು ಆಡುತ್ತಾಳೆ, ಗಿರಾಕಿ ಬಂದರೆ ಮುಚ್ಚಿ ಅಜ್ಜನಿಗೆ ಬೇಕಾದ್ದನ್ನು ಎತ್ತಿಕೊಡುತ್ತಾಳೆ. ಜಲಮಂದಿರದಲ್ಲಿ ಒಂದು ಕೀಲಿ ಸಿಗುತ್ತಿಲ್ಲವಂತೆ. ಹತ್ತು ದಿನದಿಂದ ಕೇಳುತ್ತಿದ್ದಾಳೆ. ನೀರು ಏರಿದಾಗ ಏನೇನು ಮೇಲೆ ಬರುತ್ತದೆ ನೋಡಿದೆಯಾ ಎಂದಷ್ಟೇ ಹೇಳಿದ್ದೇನೆ.